ಒಂದೇ ಒಡಲು, ಎರಡು ವರದಿ

‘ಬಲ ಅಂಡಾಶಯದಲ್ಲಿ 4 ಸೆಂಟಿಮೀಟರ್ ಗಾತ್ರದ ಸಿಸ್ಟ್ ಇದೆ’ ಎಂದು ಒಂದು ಸ್ಕ್ಯಾನಿಂಗ್ ಕೇಂದ್ರದ ವರದಿ ಹೇಳುತ್ತದೆ. ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಕಡೆ ಮಾಡಿಸಿದರೆ ‘ಎರಡೂ ಅಂಡಾಶಯಗಳು ಸಹಜವಾಗಿವೆ’ ಎಂದು ಬರೆದಿರುತ್ತದೆ. ಒಬ್ಬ ತಜ್ಞರು ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದೆ ಎಂದರೆ, ಇನ್ನೊಬ್ಬರು ಅದು ಗಡ್ಡೆಯಲ್ಲ, ಗರ್ಭಕೋಶದ ಗೋಡೆಯೇ ದಪ್ಪವಾಗಿದೆ ಎನ್ನುತ್ತಾರೆ. ಎರಡು ಕವರುಗಳನ್ನು ಕೈಯಲ್ಲಿ ಹಿಡಿದ ಹೆಣ್ಣುಮಗಳಿಗೂ ಆಕೆಯ ಮನೆಯವರಿಗೂ ಯಾವುದನ್ನು ನಂಬಬೇಕೆಂದು ತಿಳಿಯುವುದಿಲ್ಲ. ಆಪರೇಷನ್ ಮಾಡಿಸಬೇಕೋ ಬೇಡವೋ ಎಂಬ ತೀರ್ಮಾನ ಅನೇಕ ಸಲ ಈ ಗೊಂದಲದ ನಡುವೆಯೇ ಆಗಿಬಿಡುತ್ತದೆ.

ಎರಡರಲ್ಲಿ ಒಂದು ಸುಳ್ಳಿರಬೇಕು ಎಂಬ ಅನುಮಾನ ಮೊದಲು ಬರುವುದು ಸಹಜ. ಆದರೆ ಸ್ಕ್ಯಾನಿಂಗ್ ಹುಟ್ಟಿ ಬೆಳೆದ ಚರಿತ್ರೆಯನ್ನು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಪರದೆಯ ಮೇಲೆ ಮೂಡುವುದು ಒಳಗಿನ ಅಂಗದ ಫೋಟೋ ಅಲ್ಲ, ಅಂಗಕ್ಕೆ ಬಡಿದು ಮರಳಿ ಬಂದ ಮಾರ್ದನಿಯ ಚಿತ್ರ. ಯಾವ ಉಪಕರಣದಿಂದ, ಮುಟ್ಟಿನ ಯಾವ ದಿನ, ಯಾರು, ಯಾವ ನಿಯಮವನ್ನು ಹಿಡಿದು ಅದನ್ನು ಓದಿದರು ಎಂಬುದರ ಮೇಲೆ ಅದರ ಅರ್ಥ ನಿಂತಿದೆ. ಈ ನಾಲ್ಕರಲ್ಲಿ ಒಂದು ಬದಲಾದರೂ ವರದಿ ಬದಲಾಗಬಹುದು.

ಅವಳಿ ಎಂದುಕೊಂಡದ್ದು ಗಡ್ಡೆ

ಹೊಟ್ಟೆಯೊಳಗೆ ಏನಿದೆ ಎಂಬ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯ ಬರಲು ಸ್ಕ್ಯಾನಿಂಗ್ ಯಂತ್ರವೇ ಬೇಕಾಗಿರಲಿಲ್ಲ. 1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟುಕಿ ರಾಜ್ಯದ ಡ್ಯಾನ್‌ವಿಲ್ ಎಂಬ ಊರಿನ ವೈದ್ಯ ಎಫ್ರೇಯಿಮ್ ಮ್ಯಾಕ್‌ಡೊವೆಲ್‌ಗೆ ದೂರದ ಹಳ್ಳಿಯಿಂದ ಕರೆ ಬಂತು. ಜೇನ್ ಟಾಡ್ ಕ್ರಾಫರ್ಡ್ ಎಂಬ ಗೃಹಿಣಿಗೆ ದಿನ ತುಂಬಿದ್ದರೂ ಹೆರಿಗೆಯಾಗುತ್ತಿಲ್ಲ, ಬಹುಶಃ ಅವಳಿ ಮಕ್ಕಳಿವೆ ಎಂಬುದು ಅಲ್ಲಿನ ವೈದ್ಯರ ನಂಬಿಕೆಯಾಗಿತ್ತು. ಮ್ಯಾಕ್‌ಡೊವೆಲ್ ಕೈಯಿಂದ ಒಳಪರೀಕ್ಷೆ ಮಾಡಿದಾಗ ಗರ್ಭಕೋಶ ಖಾಲಿಯಿರುವುದು ತಿಳಿಯಿತು. ಹೊಟ್ಟೆಯನ್ನು ತುಂಬಿದ್ದದ್ದು ಮಗುವಲ್ಲ, ಅಂಡಾಶಯದ ಗಡ್ಡೆ.

ಆಗ ಹೊಟ್ಟೆಯನ್ನು ಕೊಯ್ದರೆ ಸಾವು ಖಚಿತ ಎಂದೇ ತಿಳಿಯಲಾಗಿತ್ತು. ಆದರೂ ಜೇನ್ ಒಪ್ಪಿ, ಚಳಿಗಾಲದಲ್ಲಿ ಸುಮಾರು 60 ಮೈಲಿ ಕುದುರೆಯ ಮೇಲೆ ಕುಳಿತು ಡ್ಯಾನ್‌ವಿಲ್‌ಗೆ ಬಂದಳು. ಅರಿವಳಿಕೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಸುಮಾರು 25 ನಿಮಿಷದ ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಗಡ್ಡೆ ಮತ್ತು ಅದರೊಳಗಿನ ಲೋಳೆಯ ತೂಕ ಹತ್ತು ಕಿಲೋದಷ್ಟಿತ್ತು. 25 ದಿನಗಳ ನಂತರ ಮನೆಗೆ ಮರಳಿದ ಜೇನ್ ಮತ್ತೆ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದಳು. ಅಂಡಾಶಯದ ಶಸ್ತ್ರಚಿಕಿತ್ಸೆಯ ಚರಿತ್ರೆ ಇಲ್ಲಿಂದ ಮೊದಲಾಗುತ್ತದೆ. ಒಂದೇ ಹೊಟ್ಟೆಯನ್ನು ಮುಟ್ಟಿ ನೋಡಿದವರು ಎರಡು ಬೇರೆ ತೀರ್ಮಾನಕ್ಕೆ ಬಂದದ್ದು, ಅದರಲ್ಲಿ ಎರಡನೆಯ ತೀರ್ಮಾನ ಜೀವ ಉಳಿಸಿದ್ದು ಅದರ ಮೊದಲ ಪುಟದಲ್ಲೇ ಇದೆ.

ಆದರೆ ಶಸ್ತ್ರಚಿಕಿತ್ಸೆ ಸುಲಭವಾಗುತ್ತಾ ಬಂದಂತೆ ಇನ್ನೊಂದು ಅಪಾಯ ತಲೆ ಎತ್ತಿತು. 1872ರಲ್ಲಿ ಜಾರ್ಜಿಯಾ ರಾಜ್ಯದ ರಾಬರ್ಟ್ ಬ್ಯಾಟಿ ಎಂಬ ವೈದ್ಯ ಮುಟ್ಟಿನ ತೊಂದರೆ ಮತ್ತು ಮಾನಸಿಕ ಯಾತನೆಗೆ ಪರಿಹಾರವೆಂದು, ಗಡ್ಡೆಯಿಲ್ಲದ ಅಂಡಾಶಯಗಳನ್ನೂ ತೆಗೆಯತೊಡಗಿದ. ಆತನ ಹೆಸರಿನಿಂದಲೇ ಪ್ರಸಿದ್ಧವಾದ ಆ ಆಪರೇಷನ್ ಅಮೆರಿಕ ಮತ್ತು ಯುರೋಪಿನಲ್ಲಿ ಹಬ್ಬಿ, ಕೆಲವು ದಶಕಗಳ ಬಳಿಕ ಅಪಕೀರ್ತಿ ಹೊತ್ತು ಮರೆಯಾಯಿತು. ಒಳಗೇನಿದೆ ಎಂದು ತಿಳಿಯದೆ ಇರುವುದೂ ಅಪಾಯ, ಇಲ್ಲದ ರೋಗಕ್ಕೆ ಅಂಗವನ್ನು ಕಳೆದುಕೊಳ್ಳುವುದೂ ಅಪಾಯ. ಮುಂದೆ ಬಂದ ಸ್ಕ್ಯಾನಿಂಗ್ ಈ ಎರಡರ ನಡುವೆ ದಾರಿ ತೋರಿಸಬೇಕಾಗಿತ್ತು.

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣ ಈ ವಿಷಯದಲ್ಲಿ ಹೆಚ್ಚು ನೆರವಾಗಲಿಲ್ಲ. ಮೂಳೆಯನ್ನು ಚೆನ್ನಾಗಿ ತೋರಿಸುವ ಕ್ಷ-ಕಿರಣಕ್ಕೆ ಗರ್ಭಕೋಶ, ಅಂಡಾಶಯ, ನೀರು, ಮಾಂಸ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಗೆಯ ನೆರಳು.

ಶಬ್ದದ ಕಣ್ಣು

ಮೃದುವಾದ ಅಂಗಗಳನ್ನು ನೋಡುವ ದಾರಿ ಬೆಳಕಿನಿಂದ ಬರಲಿಲ್ಲ, ಶಬ್ದದಿಂದ ಬಂತು. 1880ರಲ್ಲಿ ಫ್ರಾನ್ಸಿನ ಪಿಯರೆ ಮತ್ತು ಜಾಕ್ ಕ್ಯೂರಿ ಸೋದರರು, ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಕಂಡುಹಿಡಿದರು. ವಿದ್ಯುತ್ ಹರಿಸಿದರೆ ಅದೇ ಹರಳು ಕಂಪಿಸುತ್ತದೆ ಎಂಬುದು ಆಮೇಲೆ ತಿಳಿಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜವಿನ್ ಇದೇ ಗುಣವನ್ನು ಬಳಸಿ, ಕಿವಿಗೆ ಕೇಳಿಸದಷ್ಟು ತೀಕ್ಷ್ಣವಾದ ಶಬ್ದವನ್ನು ನೀರಿಗೆ ಬಿಟ್ಟು ಅದರ ಮಾರ್ದನಿಯಿಂದ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಪ್ರಯೋಗ ನಡೆಸಿದ. ನಂತರ ಕಾರ್ಖಾನೆಗಳಲ್ಲಿ ಲೋಹದೊಳಗಿನ ಬಿರುಕುಗಳನ್ನು ಹುಡುಕಲು ಇದೇ ತತ್ವದ ಯಂತ್ರಗಳು ಬಂದವು.

ವೈದ್ಯಕೀಯದಲ್ಲಿ ಈ ಶಬ್ದದ ಮೊದಲ ಹೆಜ್ಜೆಯೇ ಒಂದು ಎಚ್ಚರಿಕೆಯ ಪಾಠವಾಯಿತು. ಆಸ್ಟ್ರಿಯಾದ ನರವೈದ್ಯ ಕಾರ್ಲ್ ಡುಸಿಕ್ 1942ರಲ್ಲಿ, ತಲೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಶಬ್ದ ಹಾಯಿಸಿ ಮಿದುಳಿನ ಒಳಗಿನ ಕುಹರಗಳ ಚಿತ್ರ ಪಡೆದುದಾಗಿ ಪ್ರಕಟಿಸಿದ. ಹತ್ತು ವರ್ಷಗಳ ನಂತರ ಜರ್ಮನಿಯ ಸಂಶೋಧಕರು ಅದನ್ನು ಪರೀಕ್ಷಿಸಿದಾಗ, ಅಂಥದೇ ಚಿತ್ರ ಬರೀ ತಲೆಬುರುಡೆಯಿಂದಲೂ ಬರುತ್ತದೆ ಎಂಬುದು ಗೊತ್ತಾಯಿತು. ಕಂಡದ್ದು ಮಿದುಳಲ್ಲ, ಮೂಳೆಯ ದಪ್ಪದಲ್ಲಿನ ಏರುಪೇರು. ಚಿತ್ರ ಮೂಡಿತು ಎಂದ ಮಾತ್ರಕ್ಕೆ ಅದು ಇಂಥದ್ದರ ಚಿತ್ರವೇ ಎಂದು ಹೇಳಲಾಗದು ಎಂಬ ಪಾಠವನ್ನು ಈ ವಿದ್ಯೆ ಶೈಶವದಲ್ಲೇ ಕಲಿಯಿತು.

ಗ್ಲಾಸ್ಗೋದ ಪ್ರಯೋಗ

ಇಂದಿನ ಸ್ತ್ರೀರೋಗ ಸ್ಕ್ಯಾನಿಂಗ್‌ನ ತವರು ಸ್ಕಾಟ್ಲೆಂಡಿನ ಗ್ಲಾಸ್ಗೋ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ 1954ರಿಂದ ಪ್ರಸೂತಿ ಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಇಯಾನ್ ಡೊನಾಲ್ಡ್ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವೈದ್ಯನಾಗಿದ್ದವನು. ರಾಡಾರ್ ಮತ್ತು ಸೋನಾರ್ ಯಂತ್ರಗಳು ಮಾರ್ದನಿಯಿಂದ ದೂರದ ವಸ್ತುಗಳನ್ನು ಗುರುತಿಸುವುದನ್ನು ಬಲ್ಲವನು. ಹಡಗು ಕಾಣುವುದಾದರೆ ಹೊಟ್ಟೆಯೊಳಗಿನ ಗಡ್ಡೆ ಏಕೆ ಕಾಣಬಾರದು ಎಂಬುದು ಅವನ ಪ್ರಶ್ನೆ.

1955ರ ಜುಲೈನಲ್ಲಿ ಡೊನಾಲ್ಡ್ ರೆನ್‌ಫ್ರೂ ಎಂಬಲ್ಲಿನ ಬಾಯ್ಲರ್ ಕಾರ್ಖಾನೆಗೆ ಹೋದ. ಆಪರೇಷನ್‌ನಲ್ಲಿ ಹೊರತೆಗೆದ ಫೈಬ್ರಾಯ್ಡ್ ಗಡ್ಡೆಗಳು, ಅಂಡಾಶಯದ ಸಿಸ್ಟ್‌ಗಳು ಎರಡು ಕಾರುಗಳ ಡಿಕ್ಕಿಯಲ್ಲಿದ್ದವು. ಹೋಲಿಸಿ ನೋಡಲು ಕಾರ್ಖಾನೆಯವರು ಒಂದು ದೊಡ್ಡ ಮಾಂಸದ ತುಂಡನ್ನೂ ಒದಗಿಸಿದರು. ಲೋಹದ ಬಿರುಕು ಹುಡುಕುವ ಯಂತ್ರವನ್ನು ಇವುಗಳ ಮೇಲಿಟ್ಟಾಗ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು. ದ್ರವ ತುಂಬಿದ ಸಿಸ್ಟ್‌ನ ಒಳಗಿನಿಂದ ಮಾರ್ದನಿಯೇ ಬರಲಿಲ್ಲ, ಆಚೆಯ ಗೋಡೆಯಿಂದ ಮಾತ್ರ ಬಂತು. ಗಟ್ಟಿಯಾದ ಫೈಬ್ರಾಯ್ಡ್‌ನಲ್ಲಿ ಶಬ್ದ ಒಳಹೋದಂತೆ ಮಾರ್ದನಿ ಕ್ಷೀಣಿಸುತ್ತಾ ಹೋಯಿತು. ನೀರಿಗೂ ಮಾಂಸಕ್ಕೂ ಇರುವ ಈ ಭೇದವೇ ಇಂದಿಗೂ ಈ ಸ್ಕ್ಯಾನಿಂಗ್‌ನ ಮೊದಲ ಅಕ್ಷರ.

ಗ್ಲಾಸ್ಗೋದ ಕೆಲ್ವಿನ್ ಅಂಡ್ ಹ್ಯೂಸ್ ಸಂಸ್ಥೆಯ ಯುವ ಎಂಜಿನಿಯರ್ ಟಾಮ್ ಬ್ರೌನ್‌ಗೆ ಈ ಪ್ರಯತ್ನದ ಸುದ್ದಿ ತಿಳಿಯಿತು. ಅವನೇ ಡೊನಾಲ್ಡ್‌ಗೆ ಫೋನ್ ಮಾಡಿ ಜೊತೆಗೂಡಿದ. ಬ್ರೌನ್ ಯಂತ್ರ ಕಟ್ಟಿದ, ಜಾನ್ ಮ್ಯಾಕ್‌ವಿಕಾರ್ ಎಂಬ ವೈದ್ಯ ರೋಗಿಗಳನ್ನು ಪರೀಕ್ಷಿಸುವುದರಲ್ಲಿ ನೆರವಾದ. ಸಹೋದ್ಯೋಗಿಗಳಲ್ಲಿ ಹಲವರಿಗೆ ಇದು ತಮಾಷೆಯ ವಿಷಯವಾಗಿತ್ತು. ಆ ತಮಾಷೆಯನ್ನು ನಿಲ್ಲಿಸಿದ್ದು ಒಬ್ಬ ರೋಗಿಯ ಪ್ರಕರಣ.

ಹೊಟ್ಟೆ ವಿಪರೀತ ಉಬ್ಬಿ, ದೇಹ ಸೊರಗಿದ್ದ ಆ ಹೆಂಗಸಿಗೆ ಕ್ಷ-ಕಿರಣ ಪರೀಕ್ಷೆಯ ಆಧಾರದಲ್ಲಿ ಜಠರದ ಕ್ಯಾನ್ಸರ್ ಎಂದು ತೀರ್ಮಾನವಾಗಿತ್ತು. ಹೊಟ್ಟೆಯಲ್ಲಿ ತುಂಬಿರುವುದು ಕ್ಯಾನ್ಸರ್‌ನಿಂದಾದ ನೀರು, ಇನ್ನು ಮಾಡುವುದೇನೂ ಇಲ್ಲ ಎಂಬುದು ವೈದ್ಯರ ಅಭಿಪ್ರಾಯ. ಡೊನಾಲ್ಡ್‌ನ ಯಂತ್ರ ಬೇರೆಯದನ್ನು ಹೇಳಿತು. ಹೊಟ್ಟೆಯಲ್ಲಿ ಬಿಡಿ ನೀರು ತುಂಬಿದರೆ ಕರುಳು ಅದರಲ್ಲಿ ತೇಲಿ ಮುಂಭಾಗಕ್ಕೆ ಬರುತ್ತದೆ. ದೊಡ್ಡ ಚೀಲವೊಂದರಲ್ಲಿ ದ್ರವ ಕಟ್ಟಿಕೊಂಡಿದ್ದರೆ ಕರುಳು ಬದಿಗೆ ಸರಿದು, ಮುಂದಿನ ಗೋಡೆಯಿಂದ ಹಿಂದಿನ ಗೋಡೆಯವರೆಗೆ ಮಾರ್ದನಿಯಿಲ್ಲದ ಬಯಲು ಕಾಣುತ್ತದೆ. ಅಲ್ಲಿ ಕಂಡದ್ದು ಇಂಥ ಚೀಲ. ಹೊಟ್ಟೆ ತೆರೆದಾಗ ಸಿಕ್ಕಿದ್ದು ಅಂಡಾಶಯದ ಬೃಹತ್ ಸಿಸ್ಟ್. ಅದನ್ನು ತೆಗೆದ ಮೇಲೆ ಆಕೆ ಚೇತರಿಸಿಕೊಂಡಳು.

1958ರ ಜೂನ್ 7ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಮೂವರು ನೂರು ರೋಗಿಗಳ ಪರೀಕ್ಷೆಯ ವಿವರಗಳೊಡನೆ ಪ್ರಬಂಧ ಪ್ರಕಟಿಸಿದರು. ಸ್ತ್ರೀರೋಗಗಳ ಸ್ಕ್ಯಾನಿಂಗ್ ಅಂದಿನಿಂದ ವೈದ್ಯಲೋಕದ ಗಮನ ಸೆಳೆಯಿತು. ಗಮನಿಸಬೇಕಾದ ಅಂಶವೆಂದರೆ, ಅದು ಹೆಸರು ಮಾಡಿದ್ದೇ ಎರಡು ಪರೀಕ್ಷೆಗಳು ಪರಸ್ಪರ ವಿರುದ್ಧ ಉತ್ತರ ಕೊಟ್ಟಾಗ. ಆಗ ಯಾರೂ ಎರಡರಲ್ಲಿ ಒಂದನ್ನು ಸುಮ್ಮನೆ ನಂಬಲಿಲ್ಲ. ವಿರೋಧ ಏಕೆ ಬಂತು ಎಂದು ಕೇಳಿದರು. ಇಂದಿನ ಎರಡು ವರದಿಗಳಿಗೂ ಇದೇ ಪ್ರಶ್ನೆಯನ್ನು ಹಾಕಬೇಕಾಗುತ್ತದೆ.

ಯಾವ ದಾರಿಯಿಂದ ನೋಡಿದ್ದು?

ಮೊದಲ ಉತ್ತರ ಉಪಕರಣದಲ್ಲಿದೆ. ಶಬ್ದಕ್ಕೆ ಗಾಳಿ ಶತ್ರು. ಕರುಳಿನಲ್ಲಿರುವ ವಾಯು ಶಬ್ದವನ್ನು ಮುಂದೆ ಹೋಗಗೊಡುವುದಿಲ್ಲ, ಹಿಂದಿರುವ ಅಂಗ ಮರೆಯಾಗುತ್ತದೆ. ಮೂತ್ರಕೋಶ ತುಂಬಿದ್ದರೆ ಅದು ಕರುಳನ್ನು ಮೇಲಕ್ಕೆ ತಳ್ಳಿ, ಗರ್ಭಕೋಶದ ಮುಂದೆ ನೀರಿನ ಕಿಟಕಿಯಂತೆ ನಿಲ್ಲುತ್ತದೆ ಎಂಬುದನ್ನು ಡೊನಾಲ್ಡ್ 1960ರ ದಶಕದ ಮೊದಲಲ್ಲಿ ಕಂಡುಕೊಂಡ. ಸ್ಕ್ಯಾನಿಂಗ್‌ಗೆ ಮೊದಲು ಬಾಟಲಿಗಟ್ಟಲೆ ನೀರು ಕುಡಿಸುವ ಪದ್ಧತಿಯ ಮೂಲ ಇದೇ. ಮೂತ್ರಕೋಶ ಸರಿಯಾಗಿ ತುಂಬದ ದಿನ ಮಾಡಿದ ಪರೀಕ್ಷೆಯಲ್ಲಿ ಅಂಡಾಶಯ ಕಾಣದೆ ಹೋಗಬಹುದು. ‘ಕಾಣಲಿಲ್ಲ’ ಎಂಬುದು ‘ಸಹಜವಾಗಿದೆ’ ಎಂಬುದಕ್ಕೆ ಸಮವಲ್ಲ.

1980ರ ದಶಕದ ಮಧ್ಯಭಾಗದಿಂದ ಯೋನಿಮಾರ್ಗದ ಸ್ಕ್ಯಾನಿಂಗ್ ಬಳಕೆಗೆ ಬಂತು. ಹೊಟ್ಟೆಯ ಮೇಲಿನಿಂದ ನೋಡುವಾಗ ಶಬ್ದ ಚರ್ಮ, ಕೊಬ್ಬು, ಸ್ನಾಯುಗಳನ್ನು ದಾಟಿ ಆಳಕ್ಕೆ ಹೋಗಬೇಕು. ಅದಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 30ರಿಂದ 50 ಲಕ್ಷ ಕಂಪನಗಳ ಶಬ್ದ ಬಳಸುತ್ತಾರೆ. ಕಂಪನ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮವಾಗುತ್ತದೆ, ಆದರೆ ಶಬ್ದ ಆಳಕ್ಕೆ ಇಳಿಯುವುದಿಲ್ಲ. ಯೋನಿಮಾರ್ಗದಿಂದ ಗರ್ಭಕೋಶ ಮತ್ತು ಅಂಡಾಶಯ ತೀರ ಹತ್ತಿರ ಇರುವುದರಿಂದ ಹೆಚ್ಚು ಕಂಪನದ ಶಬ್ದ ಬಳಸಿ ಚಿಕ್ಕ ವಿವರಗಳನ್ನೂ ನೋಡಬಹುದು. ಆದರೆ ಅದರ ನೋಟ ದೂರ ಹೋಗದು. ಹೊಕ್ಕುಳಿನವರೆಗೆ ಬೆಳೆದ ಗಡ್ಡೆಯ ಮೇಲ್ಭಾಗ ಅದಕ್ಕೆ ಕಾಣಿಸುವುದಿಲ್ಲ. ಹೀಗೆ ಒಂದು ದಾರಿಯಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದಿರುವುದು ವಿಚಿತ್ರವೇನಲ್ಲ. ನಮ್ಮಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿನ ಸ್ಕ್ಯಾನಿಂಗ್ ಮಾತ್ರ ಮಾಡುವುದರಿಂದ, ಅವರ ವರದಿಯನ್ನು ಓದುವಾಗ ಈ ಮಿತಿ ನೆನಪಿನಲ್ಲಿರಬೇಕು.

ಯಾವ ದಿನ ನೋಡಿದ್ದು?

ಎರಡನೆಯ ಉತ್ತರ ಕ್ಯಾಲೆಂಡರಿನಲ್ಲಿದೆ. ಮುಟ್ಟಾಗುವ ವಯಸ್ಸಿನಲ್ಲಿ ಅಂಡಾಶಯ ಪ್ರತಿ ತಿಂಗಳೂ ತನ್ನ ರೂಪ ಬದಲಿಸುತ್ತದೆ. ಅಂಡವನ್ನು ಹೊತ್ತ ಕೋಶಿಕೆ ದ್ರವ ತುಂಬಿಕೊಂಡು ಸುಮಾರು 2 ಸೆಂಟಿಮೀಟರ್‌ವರೆಗೆ ಬೆಳೆದು ಒಡೆಯುತ್ತದೆ. ಒಡೆಯದೆ ಉಳಿದರೆ ಇನ್ನೂ ದೊಡ್ಡದಾಗಬಹುದು. ಒಡೆದ ಜಾಗದಲ್ಲಿ ರಕ್ತ ತುಂಬಿಕೊಂಡರೆ ಪರದೆಯ ಮೇಲೆ ಬಲೆ ಹೆಣೆದಂತೆ ಕಂಡು, ಗಡ್ಡೆಯೋ ಎಂಬ ಸಂಶಯ ಮೂಡಿಸುತ್ತದೆ. ಇವುಗಳಲ್ಲಿ ಹೆಚ್ಚಿನವು ಔಷಧಿಯಿಲ್ಲದೆ ಎರಡು ಮೂರು ಮುಟ್ಟಿನೊಳಗೆ ಕರಗಿಹೋಗುತ್ತವೆ. ಮೊದಲ ವರದಿಯ 4 ಸೆಂಟಿಮೀಟರ್ ಸಿಸ್ಟ್ ಎರಡನೆಯದರಲ್ಲಿ ಮಾಯವಾಗಿದ್ದರೆ ಎರಡೂ ನಿಜವಾಗಿರುವ ಸಾಧ್ಯತೆಯೇ ಹೆಚ್ಚು.

ಗರ್ಭಕೋಶದ ಒಳಪದರವೂ ಹಾಗೆಯೇ. ಮುಟ್ಟು ನಿಂತ ಕೂಡಲೇ ಅದು ಕೆಲವೇ ಮಿಲಿಮೀಟರ್ ದಪ್ಪವಿರುತ್ತದೆ, ಮುಂದಿನ ಮುಟ್ಟಿಗೆ ಮೊದಲು 14-16 ಮಿಲಿಮೀಟರ್ ಮುಟ್ಟಬಹುದು. ತೇದಿ ತಿಳಿಯದೆ ಈ ಅಂಕಿಯನ್ನು ಓದುವಂತಿಲ್ಲ. ಮುಟ್ಟು ಪೂರ್ತಿ ನಿಂತವರ ಲೆಕ್ಕವೇ ಬೇರೆ. ಅವರಿಗೆ ಮತ್ತೆ ರಕ್ತಸ್ರಾವ ಕಂಡು, ಪದರ 4-5 ಮಿಲಿಮೀಟರ್ ದಾಟಿದ್ದರೆ ಮುಂದಿನ ಪರೀಕ್ಷೆ ಆಗಲೇಬೇಕು.

ಈ ಅನುಭವದಿಂದಲೇ ಅಮೆರಿಕದ ಅಲ್ಟ್ರಾಸೌಂಡ್ ತಜ್ಞರ ಸಂಘ 2010ರಲ್ಲಿ ಒಂದು ಸಲಹೆ ಪ್ರಕಟಿಸಿತು. ಮುಟ್ಟಾಗುವ ವಯಸ್ಸಿನವರಲ್ಲಿ ತೆಳುಗೋಡೆಯ, ಒಳಗೆ ಬರೀ ದ್ರವವಿರುವ ಸಿಸ್ಟ್ 5 ಸೆಂಟಿಮೀಟರ್‌ವರೆಗೆ ಇದ್ದರೆ ಮತ್ತೆ ಸ್ಕ್ಯಾನಿಂಗ್ ಕೂಡ ಬೇಕಿಲ್ಲ ಎಂಬುದು ಅದರ ಸಾರ. 2019ರಲ್ಲಿ ಆ ನಿಯಮವನ್ನು ಇನ್ನಷ್ಟು ಸಡಿಲಿಸಲಾಯಿತು.

ಯಾವ ನಿಯಮ ಹಿಡಿದು ಓದಿದ್ದು?

ಮೂರನೆಯ ಉತ್ತರಕ್ಕೆ ಪಿ.ಸಿ.ಓ.ಡಿ. ಎಂದು ಮನೆಮಾತಾಗಿರುವ ತೊಂದರೆಯ ಚರಿತ್ರೆಯೇ ಉದಾಹರಣೆ. 1935ರಲ್ಲಿ ಶಿಕಾಗೋದ ಇರ್ವಿಂಗ್ ಸ್ಟೈನ್ ಮತ್ತು ಮೈಕೇಲ್ ಲೆವೆಂಥಾಲ್, ಮುಟ್ಟು ನಿಂತುಹೋಗಿ ಅಂಡಾಶಯ ದೊಡ್ಡದಾಗಿದ್ದ ಏಳು ಮಂದಿಯ ವಿವರ ಪ್ರಕಟಿಸಿದರು. ಅಂಡಾಶಯದ ಒಂದು ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಏಳೂ ಮಂದಿಗೆ ಮುಟ್ಟು ಮರಳಿತು. ಆಗ ಇದು ವಿರಳ ರೋಗ ಎಂದೇ ಭಾವಿಸಲಾಗಿತ್ತು.

ಸ್ಕ್ಯಾನಿಂಗ್ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. 1988ರಲ್ಲಿ ಲಂಡನ್ನಿನ ತಂಡವೊಂದು ಆರೋಗ್ಯವಂತ ಸ್ವಯಂಸೇವಕಿಯರನ್ನು ಪರೀಕ್ಷಿಸಿದಾಗ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಇಂಥ ಅಂಡಾಶಯ ಕಂಡಿತು. 1990ರಲ್ಲಿ ಅಮೆರಿಕದ ತಜ್ಞರು ರೋಗನಿರ್ಣಯದ ನಿಯಮ ಮಾಡಿದಾಗ ಸ್ಕ್ಯಾನಿಂಗ್‌ಗೆ ಸ್ಥಾನವನ್ನೇ ಕೊಡಲಿಲ್ಲ. 2003ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಅದಕ್ಕೆ ಸ್ಥಾನ ಕೊಟ್ಟರು. ಏರುಪೇರಾದ ಮುಟ್ಟು, ಪುರುಷ ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿಂಗ್‌ನ ಚಿತ್ರ ಈ ಮೂರರಲ್ಲಿ ಎರಡಿದ್ದರೆ ಸಾಕು. ಒಂದು ಅಂಡಾಶಯದಲ್ಲಿ 12 ಕೋಶಿಕೆಗಳು ಕಂಡರೆ ಚಿತ್ರ ಹೊಂದುತ್ತದೆ ಎಂದಾಯಿತು. ಯಂತ್ರಗಳು ಸುಧಾರಿಸಿ, ಮೊದಲು ಕಾಣದಿದ್ದ ಕೋಶಿಕೆಗಳೂ ಕಾಣತೊಡಗಿದ್ದರಿಂದ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೊಸ ಯಂತ್ರಗಳಿಗೆ ಈ ಸಂಖ್ಯೆಯನ್ನು 20ಕ್ಕೆ ಏರಿಸಿತು. 2023ರಲ್ಲಿ ವಯಸ್ಕರಿಗೆ ಸ್ಕ್ಯಾನಿಂಗ್ ಬದಲು ಒಂದು ರಕ್ತಪರೀಕ್ಷೆಯೂ ಆಗಬಹುದೆಂದು ಹೇಳಿತು. ಹರೆಯಕ್ಕೆ ಕಾಲಿಟ್ಟ ಹುಡುಗಿಯರಿಗೆ ಎರಡನ್ನೂ ಆಧಾರವಾಗಿ ಹಿಡಿಯಬಾರದು ಎಂದಿತು, ಏಕೆಂದರೆ ಆ ವಯಸ್ಸಿನ ಸಹಜ ಅಂಡಾಶಯವೇ ಹಾಗೆ ಕಾಣುತ್ತದೆ.

ಹೀಗಾಗಿ 15 ಕೋಶಿಕೆಗಳಿರುವ ಒಂದೇ ಅಂಡಾಶಯ, ಹಳೆಯ ನಿಯಮ ಹಿಡಿದವರಿಗೆ ರೋಗಲಕ್ಷಣ, ಹೊಸ ನಿಯಮ ಹಿಡಿದವರಿಗೆ ಸಹಜ. ಅಂಗ ಬದಲಾಗಿಲ್ಲ, ಅಳತೆಗೋಲು ಬದಲಾಗಿದೆ.

ಯಾರು ಓದಿದ್ದು?

ಗರ್ಭಕೋಶದ ವಿಷಯದಲ್ಲಿ ಹೆಚ್ಚು ಗೊಂದಲ ತರುವ ಜೋಡಿ ಫೈಬ್ರಾಯ್ಡ್ ಮತ್ತು ಅಡಿನೊಮಯೋಸಿಸ್. ಫೈಬ್ರಾಯ್ಡ್ ಎಂದರೆ ಸ್ನಾಯುವಿನ ಗಂಟು. ಅದಕ್ಕೊಂದು ಅಂಚಿರುತ್ತದೆ. ಅಡಿನೊಮಯೋಸಿಸ್‌ನಲ್ಲಿ ಒಳಪದರದ ಅಂಶ ಗೋಡೆಯ ಸ್ನಾಯುವಿನೊಳಗೇ ಹಬ್ಬುತ್ತದೆ. ಅಂಚಿಲ್ಲ, ಗೋಡೆ ಊದಿಕೊಳ್ಳುತ್ತದೆ. 1860ರಲ್ಲಿ ವಿಯೆನ್ನಾದ ರೋಕಿಟಾನ್ಸ್ಕಿ ಇಂಥ ಸ್ಥಿತಿಯನ್ನು ವರ್ಣಿಸಿದ್ದರೂ, ಒಂದು ಶತಮಾನಕ್ಕೂ ಹೆಚ್ಚು ಕಾಲ ಅದನ್ನು ಖಚಿತವಾಗಿ ಗುರುತಿಸಲು ಸಾಧ್ಯವಾಗುತ್ತಿದ್ದುದು ಗರ್ಭಕೋಶವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ. 1980ರ ದಶಕದಿಂದ ಎಂ.ಆರ್.ಐ. ಮತ್ತು ಯೋನಿಮಾರ್ಗದ ಸ್ಕ್ಯಾನಿಂಗ್ ಅದನ್ನು ಹೊರಗಿನಿಂದಲೇ ಗುರುತಿಸುವಂತೆ ಮಾಡಿದವು. ಆದರೂ ಎರಡೂ ಒಟ್ಟಿಗೇ ಇರಬಹುದಾದ್ದರಿಂದ, ನೋಡುವವರ ತರಬೇತಿಯ ಮೇಲೆ ಬಹಳಷ್ಟು ನಿಂತಿದೆ. ತೊಟ್ಟಿನಿಂದ ಜೋತುಬಿದ್ದ ಫೈಬ್ರಾಯ್ಡ್ ಅಂಡಾಶಯದ ಗಟ್ಟಿ ಗಡ್ಡೆಯಂತೆ ಕಂಡು ಮೋಸ ಮಾಡುವುದೂ ಉಂಟು. ಅದೇ ಬದಿಯ ಅಂಡಾಶಯ ಬೇರೆಯಾಗಿ ಕಂಡಿತೇ ಎಂಬುದು ಅಲ್ಲಿ ನಿರ್ಣಾಯಕ.

ಓದುವವರ ಭೇದವನ್ನು ತಗ್ಗಿಸಲು ಒಂದು ಸಮಾನ ಭಾಷೆ ಬೇಕೆಂದು ತಜ್ಞರಿಗೆ ಮನವರಿಕೆಯಾಯಿತು. 1999ರಲ್ಲಿ ಯುರೋಪಿನಲ್ಲಿ ‘ಅಯೋಟಾ’ ಎಂಬ ಗುಂಪು ಹುಟ್ಟಿತು. 2000ದಲ್ಲಿ ಅದು ಅಂಡಾಶಯದ ಗಡ್ಡೆಗಳನ್ನು ವರ್ಣಿಸುವ ಪದಗಳನ್ನು ಗೊತ್ತುಪಡಿಸಿತು. 2008ರಲ್ಲಿ ಸರಳ ನಿಯಮಗಳನ್ನು ಕೊಟ್ಟಿತು. ನಿರಪಾಯದ ಐದು ಗುರುತು, ಕ್ಯಾನ್ಸರ್ ಶಂಕೆಯ ಐದು ಗುರುತು. ಎರಡೂ ಬಗೆಯ ಗುರುತುಗಳಿದ್ದರೆ ಅಥವಾ ಒಂದೂ ಇಲ್ಲದಿದ್ದರೆ ‘ನಿರ್ಣಯವಾಗಿಲ್ಲ’ ಎಂದು ಬರೆದು ಹೆಚ್ಚಿನ ಅನುಭವಿಗಳಿಗೆ ಕಳಿಸಬೇಕು. 2020ರಲ್ಲಿ ಅಮೆರಿಕದ ವಿಕಿರಣ ತಜ್ಞರು ‘ಓ-ರ್‍ಯಾಡ್ಸ್’ ಎಂಬ ಶ್ರೇಣಿಯನ್ನು ಪ್ರಕಟಿಸಿದರು. ಅದರಲ್ಲಿ 2 ಎಂದರೆ ಕ್ಯಾನ್ಸರ್ ಸಾಧ್ಯತೆ ಶೇಕಡ 1ಕ್ಕಿಂತ ಕಡಿಮೆ, 3 ಎಂದರೆ ಶೇಕಡ 10ಕ್ಕಿಂತ ಕಡಿಮೆ, 4 ಎಂದರೆ 10ರಿಂದ 50ರ ನಡುವೆ, 5 ಎಂದರೆ 50 ಅಥವಾ ಹೆಚ್ಚು. ಈ ಶ್ರೇಣಿಯಲ್ಲಿ ಸೊನ್ನೆಯೂ ಇದೆ. ಪರೀಕ್ಷೆ ಅಪೂರ್ಣ ಎಂಬುದು ಅದರ ಅರ್ಥ. ತಿಳಿಯಲಿಲ್ಲ ಎಂದು ಹೇಳುವುದಕ್ಕೂ ವಿಜ್ಞಾನ ಒಂದು ಅಂಕಿ ಇಟ್ಟುಕೊಂಡಿದೆ.

ಹೆಚ್ಚು ನೋಡಿದರೆ ಹೆಚ್ಚು ಲಾಭವೇ?

ಗೊಂದಲವಾದಾಗ ಇನ್ನೊಂದು, ಮತ್ತೊಂದು ಪರೀಕ್ಷೆ ಮಾಡಿಸುವುದೇ ಪರಿಹಾರ ಎಂದು ತೋರುವುದು ಸಹಜ. ಅಂಡಾಶಯದ ಕ್ಯಾನ್ಸರನ್ನು ಬೇಗ ಹಿಡಿಯಲು ರೋಗಲಕ್ಷಣವಿಲ್ಲದವರಿಗೂ ವರ್ಷವರ್ಷ ಸ್ಕ್ಯಾನಿಂಗ್ ಮಾಡಿದರೆ ಹೇಗೆ ಎಂಬ ಪ್ರಶ್ನೆಗೆ ಎರಡು ದೊಡ್ಡ ಅಧ್ಯಯನಗಳು ಉತ್ತರಿಸಿವೆ. ಅಮೆರಿಕದಲ್ಲಿ 78,216 ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ಸಾವು ಕಡಿಮೆಯಾಗಲಿಲ್ಲ. ಆದರೆ 3,285 ಮಂದಿಗೆ ಇಲ್ಲದ ಕ್ಯಾನ್ಸರಿನ ಶಂಕೆ ಬಂತು. ಅವರಲ್ಲಿ 1,080 ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು, 163 ಮಂದಿಗೆ ಗಂಭೀರ ತೊಡಕುಗಳಾದವು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಅಧ್ಯಯನ 2021ರಲ್ಲಿ ಇದೇ ತೀರ್ಮಾನಕ್ಕೆ ಬಂತು. ತೊಂದರೆ ಇರುವವರಿಗೆ ಸ್ಕ್ಯಾನಿಂಗ್ ಬೇಕೇ ಬೇಕು, ತೊಂದರೆಯಿಲ್ಲದವರಿಗೆ ಅದು ಕಾವಲು ಕಾಯಲಿಲ್ಲ.

ಸಿ.ಎ. 125 ಎಂಬ ರಕ್ತಪರೀಕ್ಷೆಯೂ ಒಂಟಿಯಾಗಿ ನಿಲ್ಲಲಾರದು. 1980ರ ದಶಕದ ಆರಂಭದಲ್ಲಿ ಬಂದ ಈ ಪರೀಕ್ಷೆಯ ಅಂಕಿ ಕ್ಯಾನ್ಸರಿನಲ್ಲಿ ಏರುವಂತೆ ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್‌ಗಳಲ್ಲೂ ಏರಬಹುದು, ಮುಟ್ಟಿನ ದಿನಗಳಲ್ಲೂ ಏರಬಹುದು. ಭಾರತದಲ್ಲಿ ಇನ್ನೊಂದು ಕಾರಣವನ್ನು ಮರೆಯುವಂತಿಲ್ಲ. ಹೊಟ್ಟೆಯ ಕ್ಷಯ ಹೊಟ್ಟೆಯಲ್ಲಿ ನೀರು ತುಂಬಿಸಿ, ಈ ಅಂಕಿಯನ್ನೂ ಏರಿಸಿ ಅಂಡಾಶಯದ ಕ್ಯಾನ್ಸರಿನ ವೇಷ ಹಾಕುತ್ತದೆ. ಅಂಗಾಂಶದ ತುಣುಕನ್ನು ಪರೀಕ್ಷಿಸಿದಾಗ, ಮಾತ್ರೆಗಳಿಂದ ವಾಸಿಯಾಗುವ ಕ್ಷಯವೆಂದು ತಿಳಿದದ್ದುಂಟು.

ವರದಿಯ ಒಂದು ಸಾಲಿಗೆ ಗರ್ಭಕೋಶ

ಈ ಚರಿತ್ರೆ ಕರ್ನಾಟಕಕ್ಕೆ ದೂರದ್ದಲ್ಲ. ಕಲಬುರಗಿ ಜಿಲ್ಲೆಯಲ್ಲಿ ದಲಿತ ಮತ್ತು ಲಂಬಾಣಿ ಸಮುದಾಯಗಳ ಅನೇಕ ಮಹಿಳೆಯರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ಆರೋಪ 2015ರಲ್ಲಿ ದೊಡ್ಡ ಸುದ್ದಿಯಾಯಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಿಂದಲೂ ಇಂಥ ದೂರುಗಳು ಬಂದು ಸುಪ್ರೀಂ ಕೋರ್ಟನ್ನು ಮುಟ್ಟಿದವು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆದೇಶಿಸಿತು.

ವರದಿಯಲ್ಲಿನ ‘ಗರ್ಭಕೋಶ ದಪ್ಪವಿದೆ’, ‘ಸಣ್ಣ ಫೈಬ್ರಾಯ್ಡ್ ಇದೆ’, ‘ಸಿಸ್ಟ್ ಇದೆ’ ಎಂಬ ಒಂದು ಸಾಲು, ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬ ಮಾತಾಗಿ ಕಿವಿಗೆ ಬಿದ್ದರೆ ಬಡ ಹೆಣ್ಣುಮಗಳು ಒಡವೆ ಅಡವಿಟ್ಟಾದರೂ ಆಪರೇಷನ್‌ಗೆ ಒಪ್ಪುತ್ತಾಳೆ. ಮಕ್ಕಳನ್ನು ಹೆತ್ತವರ ಗರ್ಭಕೋಶ ಸ್ವಲ್ಪ ದೊಡ್ಡದಾಗಿರುವುದು ಸಹಜ. ಫೈಬ್ರಾಯ್ಡ್‌ಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ಮುಟ್ಟು ನಿಂತ ಮೇಲೆ ಅವು ಸಾಮಾನ್ಯವಾಗಿ ಕುಗ್ಗುತ್ತವೆ. ಗರ್ಭಕೋಶದ ಒಳಕ್ಕೆ ಚಾಚಿದ 2 ಸೆಂಟಿಮೀಟರ್ ಗಂಟು ತೀವ್ರ ರಕ್ತಸ್ರಾವ ತರಬಹುದು, ಹೊರಗೋಡೆಯ ಮೇಲಿನ 6 ಸೆಂಟಿಮೀಟರ್ ಗಂಟು ಏನೂ ಮಾಡದೆ ಇರಬಹುದು. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ಕಳೆದುಕೊಂಡರೆ ಮುಟ್ಟು ಒಮ್ಮೆಲೇ ನಿಂತು, ಮೂಳೆ ಸವೆಯುವ ಮತ್ತು ಹೃದ್ರೋಗದ ಅಪಾಯ ಹೆಚ್ಚುತ್ತದೆ. ಕೂಲಿ ಮಾಡಿ ಬದುಕುವ ದೇಹಕ್ಕೆ ಇದು ಸಣ್ಣ ನಷ್ಟವಲ್ಲ.

ಎರಡು ವರದಿಗಳು ಬೇರೆಯಾದಾಗ ಕೇಳಬೇಕಾದ ಪ್ರಶ್ನೆಗಳನ್ನು ಈ ಚರಿತ್ರೆಯೇ ಬರೆದುಕೊಟ್ಟಿದೆ. ಎರಡೂ ಒಂದೇ ದಾರಿಯಿಂದ ಮಾಡಿದವೇ? ಮುಟ್ಟಿನ ಎಷ್ಟನೆಯ ದಿನ? ಎರಡೂ ಅಂಡಾಶಯ ಬೇರೆಬೇರೆಯಾಗಿ ಕಂಡವೇ? ಗಂಟಿನೊಳಗೆ ಬರೀ ದ್ರವವೋ, ಗಟ್ಟಿ ಭಾಗವೂ ಇದೆಯೋ? ಈಗಿರುವ ನೋವು ಅಥವಾ ಸ್ರಾವಕ್ಕೆ ಚಿತ್ರದಲ್ಲಿ ಕಂಡದ್ದೇ ಕಾರಣವೇ? ಹಳೆಯ ವರದಿಯನ್ನೂ ಚಿತ್ರಗಳನ್ನೂ ಹೊಸ ತಜ್ಞರ ಮುಂದಿಟ್ಟರೆ ಅರ್ಧ ಗೊಂದಲ ಅಲ್ಲೇ ತಿಳಿಯಾಗುತ್ತದೆ. ಸರಳ ಸಿಸ್ಟ್‌ಗೆ ಆರೆಂಟು ವಾರ ಕಾದು, ಮುಟ್ಟು ಮುಗಿದ ಕೂಡಲೇ ಮತ್ತೆ ನೋಡುವುದು ಒಪ್ಪಿತ ಪದ್ಧತಿ. ಆದರೆ ಹಠಾತ್ ತೀವ್ರ ಹೊಟ್ಟೆನೋವು, ವಾಂತಿ, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ದಿನೇ ದಿನೇ ಉಬ್ಬುವ ಹೊಟ್ಟೆ ಇದ್ದಾಗ ಕಾಯುವಂತಿಲ್ಲ, ಒಂದು ವರದಿ ಸಹಜ ಎಂದಿದ್ದರೂ ಸಹ.

ಗ್ಲಾಸ್ಗೋದ ಆ ಹೆಂಗಸಿನ ಜೀವ ಉಳಿದದ್ದು ಹೊಸ ಯಂತ್ರದಿಂದ ಮಾತ್ರವಲ್ಲ. ಮೊದಲ ವರದಿ ಹೇಳಿದ್ದೇ ಕೊನೆಯ ಮಾತು ಎಂದು ಅಲ್ಲಿನ ವೈದ್ಯರು ಕೈಚೆಲ್ಲಲಿಲ್ಲ. ಎರಡನೆಯ ಅಭಿಪ್ರಾಯ ಕೇಳುವುದು ವೈದ್ಯರ ಮೇಲಿನ ಅಪನಂಬಿಕೆಯಲ್ಲ. ಈ ವಿದ್ಯೆ ಬೆಳೆದದ್ದೇ ಹಾಗೆ ಕೇಳಿ.